ಸಮುದ್ರವಿಲ್ಲದ ದೇವಸಮುದ್ರದಲ್ಲಿ ಕಡಲಪಾಚಿಯ ಲೇಪ

ಯುಗಾದಿಗೆ ಮುಂಚಿನ ವಾರಗಳಲ್ಲಿ ದೇವಸಮುದ್ರದ ಕಡೆ ಹೊಲಗಳೆಲ್ಲ ಬೋಳು ಬೋಳಾಗಿರುತ್ತವೆ. ಶೇಂಗಾ ಕಿತ್ತು ತಿಂಗಳುಗಳೇ ಆಗಿರುತ್ತೆ, ಮಳೆ ಇನ್ನೂ ದೂರ. ಅಂಥ ಹೊತ್ತಲ್ಲೇ ಬೇವು, ಹೊಂಗೆ ಎರಡೂ ಮೈತುಂಬ ಚಿಗುರಿ ನಿಲ್ಲುತ್ತವೆ. ಮನುಷ್ಯರ ಮೈ ಮಾತ್ರ ಉಲ್ಟಾ. ತುಟಿ ಒಡೆದಿರುತ್ತೆ, ಹಿಮ್ಮಡಿ ಸೀಳಿರುತ್ತೆ, ಕಾಲಿನ ಮೇಲೆ ಉಗುರಲ್ಲಿ ಗೀರಿದರೆ ಬಿಳಿ ಗೆರೆ ಬೀಳುತ್ತೆ. ಚಳ್ಳಕೆರೆ, ಮೊಳಕಾಲ್ಮುರು ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳೋ ತಾಲ್ಲೂಕುಗಳ ಸಾಲಿನಲ್ಲಿವೆ. ಗಾಳಿಯಲ್ಲೇ ತೇವ ಇಲ್ಲ ಅಂದಮೇಲೆ ಚರ್ಮದಲ್ಲಿ ಎಲ್ಲಿಂದ ಉಳಿಯಬೇಕು?

ಇದೇ ಸಮಯಕ್ಕೆ ಸರಿಯಾಗಿ ಎಲ್ಲರ ಫೋನಿಗೂ ವಿಡಿಯೊಗಳು ಬರುತ್ತವೆ. ವಸಂತದ ಎಳೆ ಸೊಪ್ಪು, ಅದರ ಜೊತೆ ಸೀವೀಡ್ ಅಂದರೆ ಕಡಲಪಾಚಿ, ಎರಡನ್ನೂ ರುಬ್ಬಿ ಮುಖಕ್ಕೆ ಹಚ್ಚಿ, ಹದಿನೈದು ನಿಮಿಷದಲ್ಲಿ ಹೊಳಪು ನೋಡಿ. ನಮ್ಮ ಬಳಗದಲ್ಲಿ ಆ ಕಡೆ ಊರಿನವರೂ ಇದ್ದಾರೆ. ಹಾಗಾಗಿ ಈ ಸಲ ನಾವು ಕೇಳಿಕೊಂಡ ಪ್ರಶ್ನೆ ಇಷ್ಟೇ: ಇದನ್ನ ದೇವಸಮುದ್ರದ ಮನೆಯೊಂದರಲ್ಲಿ ಮಾಡೋಕೆ ಆಗುತ್ತಾ, ಮಾಡಿದರೆ ಉಪಯೋಗ ಇದೆಯಾ? ನಮ್ಮ ಸೀಮೆಯಲ್ಲಿ ಊರಿನ ಹೆಸರಿಗೆ ಅಂಟಿಕೊಂಡಿರೋ 'ಸಮುದ್ರ' ಅಂದ್ರೆ ಸಾಮಾನ್ಯವಾಗಿ ಕೆರೆ. ಕಡಲು ನೋಡಬೇಕಂದ್ರೆ ಇಡೀ ರಾಜ್ಯ ದಾಟಿ ಕಾರವಾರಕ್ಕೋ ಭಟ್ಕಳಕ್ಕೋ ಹೋಗಬೇಕು.

ಪಾಚಿ ವಿಷಯಕ್ಕೆ ಬರೋ ಮುಂಚೆ ನೀರಿನ ವಿಷಯ ಮಾತಾಡಲೇಬೇಕು. ಯಾಕಂದ್ರೆ ಇಲ್ಲಿ ಚರ್ಮ ಒಣಗೋದರಲ್ಲಿ ಬಿಸಿಲು, ಗಾಳಿಯ ಜೊತೆ ಬೋರ್‌ವೆಲ್ ಕೈವಾಡವೂ ಇದೆ. ಗಡಸು ನೀರು ಅಂತ ಪುಸ್ತಕದಲ್ಲಿ ಓದಿದ್ದೀವಲ್ಲ, ಹಳ್ಳಿಯಲ್ಲಿ ಅದರ ಪರೀಕ್ಷೆ ಸುಲಭ: ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ, ಬಕೆಟ್ ಅಂಚಿಗೆ ಬಿಳಿ ಪಟ್ಟಿ ಕಟ್ಟುತ್ತೆ. ಮೊದಲ ವರ್ಷದ ಕೆಮಿಸ್ಟ್ರಿ ಲ್ಯಾಬಿನಲ್ಲಿ ಇ.ಡಿ.ಟಿ.ಎ. ಟೈಟ್ರೇಷನ್ ಮಾಡಿ, ವೈನ್ ಕೆಂಪು ಯಾವಾಗ ನೀಲಿ ಆಗುತ್ತೋ ಅಂತ ಕಣ್ಣು ಕೀಲಿಸಿಕೊಂಡು ಕೂತಿದ್ದು ಇದೇ ಗಡಸುತನ ಅಳೆಯೋಕೆ. ಕುಡಿಯೋ ನೀರಿಗೆ ಭಾರತೀಯ ಮಾನಕ ಹೇಳೋ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600 ಮಿಲಿಗ್ರಾಂವರೆಗೂ ಸಹಿಸಬಹುದು ಅನ್ನುತ್ತೆ. ನಿಮ್ಮೂರಿನ ಬೋರ್ ನೀರು ಒಂದು ಬಾಟಲಿ ತಂದು ಅಳೆದು ನೋಡಿ. ರೆಕಾರ್ಡ್ ಬುಕ್ ಬರೆಯೋದಕ್ಕಿಂತ ಖುಷಿ ಕೊಡೋ ಕೆಲಸ ಅದು.

ಸೋಪು ಅಂದ್ರೆ ಕೊಬ್ಬಿನಾಮ್ಲದ ಸೋಡಿಯಂ ಲವಣ. ನೀರಿನಲ್ಲಿರೋ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಿಕ್ಕಿದ ಕೂಡಲೇ ಅದು ಸೋಡಿಯಂ ಬಿಟ್ಟು ಅವುಗಳ ಜೊತೆ ಸೇರಿಕೊಂಡು ಕರಗದ ಜಿಡ್ಡಾಗುತ್ತೆ. ಬಚ್ಚಲ ಕಲ್ಲಿನ ಮೇಲೆ ಕೂರೋ ಬೂದು ಜಿಡ್ಡು ಅದೇ. ಕಲ್ಲಿನ ಮೇಲೆ ಕೂರೋದು ಮೈಮೇಲೂ ಕೂರುತ್ತೆ. ನೊರೆ ಸಾಲದು ಅಂತ ನಾವು ಇನ್ನಷ್ಟು ಸೋಪು ಉಜ್ಜುತ್ತೀವಿ, ಜಿಡ್ಡು ಇನ್ನಷ್ಟು. ಇದರ ಜೊತೆಗೆ, ಆರೋಗ್ಯವಾದ ಚರ್ಮದ ಮೇಲ್ಪದರ ಸ್ವಲ್ಪ ಹುಳಿ, ಪಿ.ಎಚ್. ಸುಮಾರು 5. ಸೋಪಿನದು 9ರಿಂದ 10. ದಿನಕ್ಕೆ ಎರಡು ಸಲ ಆ ಹುಳಿಯನ್ನ ತೊಳೆದು ಹಾಕಿದರೆ ಚರ್ಮ ತನ್ನ ಎಣ್ಣೆಯನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳೋ ಶಕ್ತಿ ಕಳೆದುಕೊಳ್ಳುತ್ತೆ.

ಇದನ್ನ ಅತಿ ಮಾಡಿ ಹೇಳೋದೂ ಬೇಡ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಸೀಮೆಯ ಶಾಲಾ ಮಕ್ಕಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಡಸು ನೀರಿನ ಪ್ರದೇಶದ ಚಿಕ್ಕ ಮಕ್ಕಳಲ್ಲಿ ಎಕ್ಸಿಮಾ ಅನ್ನೋ ಚರ್ಮದ ತುರಿಕೆ ಹೆಚ್ಚು ಕಂಡಿತ್ತು. ಆದರೆ 2011ರಲ್ಲಿ 336 ಮಕ್ಕಳ ಮೇಲಿನ ಪ್ರಯೋಗದ ಫಲಿತಾಂಶ ಬಂದಾಗ, ಮನೆಗೆ ನೀರು ಮೆದುಗೊಳಿಸೋ ಯಂತ್ರ ಹಾಕಿಸಿದ್ದರಿಂದ ಎಕ್ಸಿಮಾ ಏನೂ ವಿಶೇಷವಾಗಿ ಕಡಿಮೆ ಆಗಲಿಲ್ಲ. ಅಂದರೆ ದುಬಾರಿ ಯಂತ್ರದ ಹಿಂದೆ ಓಡೋದಕ್ಕಿಂತ ಸೋಪು ಕಡಿಮೆ ಮಾಡೋದೇ ಅಗ್ಗದ ದಾರಿ ಅಂತ ನಮ್ಮ ಲೆಕ್ಕ.

ಇಲ್ಲಿ ಅಜ್ಜಿಯರ ಡಬ್ಬಿ ನೆನಪಾಗುತ್ತೆ. ಸೀಗೆಕಾಯಿ, ಅಂಟುವಾಳ ಎರಡರಲ್ಲೂ ಸ್ಯಾಪೋನಿನ್ ಅನ್ನೋ ವಸ್ತು ಇದೆ. ಅದು ನೊರೆ ಬರಿಸುತ್ತೆ, ಕೊಳೆ ಬಿಡಿಸುತ್ತೆ, ಆದರೆ ಸೋಪಿನ ಹಾಗೆ ಕ್ಯಾಲ್ಸಿಯಂ ಜೊತೆ ಸೇರಿ ಜಿಡ್ಡಾಗಲ್ಲ. ಸೀಗೆಯ ನೀರು ಹುಳಿಯ ಕಡೆಗೇ ಇರುತ್ತೆ. ಕಡಲೆಹಿಟ್ಟು, ಹೆಸರುಹಿಟ್ಟು ಇನ್ನೂ ಸರಳ, ಎಣ್ಣೆಯನ್ನ ಹೀರಿಕೊಂಡು ನೀರಿನ ಜೊತೆ ಹೋಗಿಬಿಡುತ್ತವೆ. ಗಡಸು ನೀರಿನ ಊರಿಗೆ ಇವು ಹೇಳಿ ಮಾಡಿಸಿದ ಹಾಗಿವೆ. ಸೀಗೆ ಕಣ್ಣಿಗೆ ಬಿದ್ರೆ ಏನಾಗುತ್ತೆ ಅಂತ ಎಣ್ಣೆನೀರು ಹಾಕಿಸಿಕೊಂಡವರಿಗೆಲ್ಲ ಗೊತ್ತು, ಹಾಗಾಗಿ ಮುಖಕ್ಕೆ ಹಿಟ್ಟು, ತಲೆಗೆ ಸೀಗೆ.

ಈಗ ಕಡಲಪಾಚಿ. ಅದು ನಿಮ್ಮ ಮನೆಗೆ ಆಗಲೇ ಬಂದಿರಬಹುದು. ಕಿರಾಣಿ ಅಂಗಡಿಯಲ್ಲಿ 'ಚೀನಾ ಗ್ರಾಸ್' ಅಂತ ಬಿಳಿ ಎಳೆಗಳೋ ಪುಡಿಯೋ ಸಿಗುತ್ತಲ್ಲ, ಜೆಲ್ಲಿ ಮಾಡೋಕೆ ಹಾಕೋದು, ಅದು ಹುಲ್ಲಲ್ಲ. ಅದು ಅಗರ್, ಕೆಂಪು ಕಡಲಪಾಚಿಯಿಂದ ತೆಗೆದ ಅಂಟು. ತಮಿಳುನಾಡಿನ ಮಂಡಪಂ ಸುತ್ತಮುತ್ತ, ಮನ್ನಾರ್ ಕೊಲ್ಲಿಯಲ್ಲಿ ಹೆಂಗಸರು ನೀರಿಗಿಳಿದು ಮುಳುಗಿ ಕಿತ್ತು ತರೋದು ಇಂಥ ಪಾಚಿಯನ್ನೇ. ಕಂದು ಪಾಚಿಯಿಂದ ಬರೋದು ಆಲ್ಜಿನೇಟ್. ಆನ್‌ಲೈನ್‌ನಲ್ಲಿ ಮಾರೋ ಸಿಪ್ಪೆ ತರಹ ಸುಲಿಯೋ ಮಾಸ್ಕುಗಳಲ್ಲಿ ಅದು ಇರುತ್ತೆ. ಆಲ್ಜಿನೇಟ್ ಗಟ್ಟಿಯಾಗೋದೇ ಕ್ಯಾಲ್ಸಿಯಂನಿಂದ. ನಮ್ಮ ಬೋರ್ ನೀರಿಗೆ ಬರೀ ಆಲ್ಜಿನೇಟ್ ಪುಡಿ ಹಾಕಿದರೆ ಕಲಸೋಕೆ ಮುಂಚೆಯೇ ಗಂಟು ಗಂಟಾಗಬಹುದು. ಅಗರ್‌ಗೆ ಆ ತಕರಾರಿಲ್ಲ. ಕುದಿಸಿದರೆ ಕರಗುತ್ತೆ, 35–40 ಡಿಗ್ರಿಗೆ ಇಳಿದಾಗ ಹೆಪ್ಪುಗಟ್ಟುತ್ತೆ.

ಚರ್ಮಕ್ಕೆ ಅದು ಮಾಡೋದೇನು? ತನ್ನೊಳಗೆ ನೀರು ಹಿಡಿದುಕೊಂಡು ಚರ್ಮದ ಮೇಲೆ ಒದ್ದೆ ಬಟ್ಟೆ ಹಾಗೆ ಕೂರುತ್ತೆ. ಅಷ್ಟು ಹೊತ್ತು ಮೇಲ್ಪದರ ನೀರು ಕುಡಿದು ಉಬ್ಬುತ್ತೆ, ಗೀರುಗಳು ಮುಚ್ಚಿ ನುಣುಪಾಗಿ ಕಾಣುತ್ತೆ. 'ಪಾಚಿಯ ಖನಿಜ, ವಿಟಮಿನ್, ಕೊಲಾಜೆನ್ ಚರ್ಮದ ಆಳಕ್ಕೆ ಇಳಿಯುತ್ತೆ' ಅನ್ನೋದನ್ನ ಮಾತ್ರ ನಂಬಬೇಡಿ. ಚರ್ಮಶಾಸ್ತ್ರದಲ್ಲಿ 500 ಡಾಲ್ಟನ್ ನಿಯಮ ಅಂತ ಒಂದಿದೆ, 2000ದಲ್ಲಿ ಮಂಡಿಸಿದ್ದು. ಅದಕ್ಕಿಂತ ದೊಡ್ಡ ಅಣುಗಳು ಸರಿಯಿರೋ ಚರ್ಮವನ್ನ ದಾಟೋದು ಬಹಳ ಕಷ್ಟ. ಅಗರ್‌ನ ಅಣು ಅದರ ನೂರಾರು ಪಟ್ಟು ದೊಡ್ಡದು. ಬಾಗಿಲಲ್ಲೇ ನಿಲ್ಲೋ ನೆಂಟ ಅದು.

ಬಾಗಿಲಲ್ಲಿ ನಿಂತೇ ಕೆಲಸ ಮಾಡೋದಾದರೆ ಸಮುದ್ರದ್ದೇ ಬೇಕು ಅಂತಿಲ್ಲ. ನೆನೆಸಿ ರುಬ್ಬಿದ ಮೆಂತ್ಯದ ಲೋಳೆ, ದಾಸವಾಳದ ಸೊಪ್ಪಿನ ಲೋಳೆ, ಲೋಳೆಸರ ಎಲ್ಲವೂ ಅದೇ ಜಾತಿಯ ಉದ್ದುದ್ದ ಸಕ್ಕರೆ ಸರಪಳಿಗಳು, ನೀರು ಹಿಡಿಯೋದೇ ಅವುಗಳ ಗುಣ. ಲೋಳೆಸರ ಕೊಯ್ದರೆ ಎಲೆಯನ್ನ ಹತ್ತು ಹದಿನೈದು ನಿಮಿಷ ನೆಟ್ಟಗೆ ನಿಲ್ಲಿಸಿ, ಹಳದಿ ರಸ ಇಳಿದುಹೋಗಲಿ. ಮೈ ತುರಿಸೋದು ಅದರಿಂದ. ಬೇಲಿಯಲ್ಲಿರೋ ಕತ್ತಾಳೆಯನ್ನ ಲೋಳೆಸರ ಅಂದುಕೊಂಡು ತರಬೇಡಿ. ಅದರ ರಸದಲ್ಲಿ ಸೂಜಿ ಹಾಗಿರೋ ಆಕ್ಸಲೇಟ್ ಹರಳುಗಳಿರುತ್ತವೆ, ಮುಖ ಕೆಂಪಾಗಿ ಊದಿಕೊಳ್ಳುತ್ತೆ. 'ಪಾಚಿ ತಾನೇ' ಅಂತ ಕೆರೆಯ ಹಸಿರು ಕೆನೆಯನ್ನಂತೂ ಮುಟ್ಟಲೇಬೇಡಿ. ಬೇಸಿಗೆಯಲ್ಲಿ ನಿಂತ ನೀರಿನ ಮೇಲೆ ಪೇಂಟ್ ಚೆಲ್ಲಿದ ಹಾಗೆ ಹರಡೋದು ಬಹಳ ಸಲ ಸಯನೋಬ್ಯಾಕ್ಟೀರಿಯಾ. ಅದರಲ್ಲಿ ಕೆಲವು ಯಕೃತ್ತನ್ನೇ ಕೆಡಿಸೋ ವಿಷ ಮಾಡುತ್ತವೆ, ಮೈಗೆ ತಗುಲಿದರೆ ದದ್ದು ಏಳುತ್ತೆ. ಹೆಸರೊಂದೇ ಪಾಚಿ, ಕಡಲಪಾಚಿಗೂ ಅದಕ್ಕೂ ಸಂಬಂಧವಿಲ್ಲ.

ವಸಂತದ ಸೊಪ್ಪಿನ ಪಾಲಿಗೆ ನಮ್ಮಲ್ಲಿ ಬೇವಿನ ಚಿಗುರಿದೆ. ಯುಗಾದಿ ದಿನ ಎಣ್ಣೆ ಹಚ್ಚಿಕೊಂಡು ಬೇವಿನ ಸೊಪ್ಪು ಹಾಕಿದ ಬಿಸಿನೀರು ಸ್ನಾನ ಮಾಡೋದು ಹೊಸದೇನಲ್ಲ. ಬೇವಿನ ಕಷಾಯ ಚರ್ಮದ ಮೇಲಿನ ಕೆಲವು ಸೂಕ್ಷ್ಮಜೀವಿಗಳನ್ನ ತಡೆಯುತ್ತೆ. ಆದರೆ ತೇವ ಕೊಡೋ ಕೆಲಸ ಅದರದಲ್ಲ, ಅದು ಲೋಳೆಯ ಕೆಲಸ. ಇಬ್ಬರನ್ನೂ ಸೇರಿಸೋದೇ ನಮ್ಮ ಲೇಪ. ಹೊಂಗೆಯನ್ನ ನೆರಳಿಗೇ ಬಿಡೋಣ.

ಮಾಡೋದು ಹೀಗೆ. ಶುದ್ಧ ನೀರಿನ ಘಟಕದಿಂದ ತಂದ ಕ್ಯಾನ್ ನೀರು ಒಂದು ಲೋಟ ತಗೊಳ್ಳಿ. ಧೂಳು ಹೋಗೋ ಹಾಗೆ ತೊಳೆದ ಬೇವಿನ ಚಿಗುರು ಒಂದು ಹಿಡಿ ಹಾಕಿ, ಅರ್ಧ ಲೋಟಕ್ಕೆ ಇಳಿಯೋವರೆಗೂ ಕುದಿಸಿ ಸೋಸಿ. ಆ ಕಷಾಯಕ್ಕೆ ಅರ್ಧ ಟೀ ಚಮಚ, ಅಂದರೆ ಸುಮಾರು 1 ಗ್ರಾಂ ಚೀನಾ ಗ್ರಾಸ್ ಪುಡಿ ಹಾಕಿ, ಪೂರ್ತಿ ಕರಗೋವರೆಗೂ ಕದಡುತ್ತಾ ಮತ್ತೆ ಕುದಿಸಿ. ಕೆಳಗಿಳಿಸಿದ ಮೇಲೆ ಅವಸರ ಬೇಡ. ಕರಗಿದ ಅಗರ್ ಪಾಯಸದ ಹಾಗೆ ಅಂಟಿಕೊಂಡು ಸುಡುತ್ತೆ. ಹೆಪ್ಪುಗಟ್ಟೋಕೆ ಬಿಟ್ಟು, ತಣ್ಣಗಾದ ಮೇಲೆ ಚಮಚದಲ್ಲಿ ಕಿವುಚಿ ಹಚ್ಚಿದರೂ ಸಾಕು. ಮೊದಲ ಸಲ ಮೊಣಕೈ ಒಳಮಗ್ಗುಲಿಗೆ ಹಚ್ಚಿ, ತೊಳೆದು, ಎರಡು ದಿನ ಕಾಯಿರಿ. ತುರಿಕೆ ಇಲ್ಲ ಅಂದ್ರೆ ಮುಖಕ್ಕೆ. ಹತ್ತು ನಿಮಿಷ ಬಿಟ್ಟು, ಪೂರ್ತಿ ಒಣಗಿ ಬಿಗಿಯೋಕೆ ಮುಂಚೆ ತೊಳೀರಿ. ಆಮೇಲೆ ಮುಖ ಇನ್ನೂ ಹಸಿಯಿರುವಾಗಲೇ ನಾಲ್ಕು ಹನಿ ಕೊಬ್ಬರಿ ಎಣ್ಣೆಯನ್ನೋ ಸೂರ್ಯಕಾಂತಿ ಎಣ್ಣೆಯನ್ನೋ ತೆಳ್ಳಗೆ ಸವರಿ. ಈ ಕೊನೇ ಹೆಜ್ಜೆ ಬಿಟ್ಟರೆ ನಮ್ಮ ಒಣಗಾಳಿಗೆ ಕುಡಿದ ನೀರೆಲ್ಲ ಅರ್ಧ ಗಂಟೆಯಲ್ಲಿ ಆರಿಹೋಗುತ್ತೆ. ಲೇಪ ನೀರು ಕೊಡುತ್ತೆ, ಎಣ್ಣೆ ಮುಚ್ಚಳ ಹಾಕುತ್ತೆ. ಮೊಡವೆ ಜಾಸ್ತಿ ಇರೋರು ಕೊಬ್ಬರಿ ಎಣ್ಣೆ ಬಿಡೋದು ಒಳ್ಳೇದು.

ಮಿಕ್ಕಿದ್ದನ್ನ ಏನು ಮಾಡೋದು? ಚೆಲ್ಲಿ. ಇದರಲ್ಲಿ ನಾವು ಸ್ವಲ್ಪ ಹಠ ಹಿಡೀತೀವಿ, ಕಾರಣ ಇದೆ. 1880ರ ದಶಕದ ಆರಂಭದಲ್ಲಿ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಬ್ಯಾಕ್ಟೀರಿಯಾ ಬೆಳೆಸೋಕೆ ಜೆಲಾಟಿನ್ ಬಳಸ್ತಿದ್ದರು. ಬೆಚ್ಚಗಾದರೆ ಅದು ಕರಗಿಬಿಡೋದು. ಅವರ ಲ್ಯಾಬಿನಲ್ಲಿದ್ದ ವಾಲ್ಟರ್ ಹೆಸ್ಸೆಯ ಹೆಂಡತಿ ಫ್ಯಾನಿ ಹೆಸ್ಸೆ, ಜೆಲ್ಲಿ ಮಾಡೋಕೆ ಅಡುಗೆಮನೆಯಲ್ಲಿ ಬಳಸೋ ಅಗರ್ ಹಾಕಿ ನೋಡಿ ಅಂದರು. ಅವತ್ತಿಂದ ಇವತ್ತಿನವರೆಗೆ ಜಗತ್ತಿನ ಪ್ರತಿ ಮೈಕ್ರೋಬಯಾಲಜಿ ಲ್ಯಾಬಿನಲ್ಲೂ ಪೆಟ್ರಿ ಡಿಶ್ ಒಳಗಿರೋದು ಅದೇ. ಅಂದರೆ ಅಗರ್, ಸೊಪ್ಪಿನ ರಸ, ಹಚ್ಚುವಾಗ ಬೆರಳಿಂದ ಬಿದ್ದ ಒಂದಿಷ್ಟು ಕ್ರಿಮಿ, ಜೊತೆಗೆ ಏಪ್ರಿಲ್‌ನ 38 ಡಿಗ್ರಿ: ಹಾಸ್ಟೆಲ್ ರೂಮಿನ ಕಪಾಟಿನಲ್ಲಿ ಮುಚ್ಚಿಟ್ಟರೆ ಅದು ಸೌಂದರ್ಯ ಸಾಧನವಲ್ಲ, ಕಲ್ಚರ್ ಪ್ಲೇಟ್. ಬೇವು ಹಾಕಿದ್ದೀವಲ್ಲ ಅಂತ ಧೈರ್ಯ ಬೇಡ, ಅಷ್ಟು ತೆಳು ಕಷಾಯ ಸಂರಕ್ಷಕ ಅಲ್ಲ. ವಾಸನೆ, ಬಣ್ಣ ಬದಲಾಗೋಕೆ ಮುಂಚೆಯೇ ಕ್ರಿಮಿ ಬೆಳೆದಿರುತ್ತೆ. ಒಡೆದ ಚರ್ಮಕ್ಕೆ ಅದನ್ನ ಸವರಿದರೆ ಕೀವು ಕಟ್ಟೋಕೆ ದಾರಿ. ಫ್ರಿಜ್ ಇದ್ದರೂ ಮರುದಿನಕ್ಕೆ ಮುಗಿಸಿ. ಇಟ್ಟುಕೊಳ್ಳಲೇಬೇಕು ಅಂದ್ರೆ ಒಣಗಿಸಿ ಇಡಿ. ನೆರಳಲ್ಲಿ ಗರಿಗರಿಯಾಗಿ ಒಣಗಿಸಿದ ಬೇವಿನ ಸೊಪ್ಪು, ಮೆಂತ್ಯ ಎರಡನ್ನೂ ಪುಡಿ ಮಾಡಿ ಒಣ ಡಬ್ಬಿಯಲ್ಲಿಟ್ಟರೆ ತಿಂಗಳುಗಟ್ಟಲೆ ಕೆಡಲ್ಲ. ನೀರಿಲ್ಲದ ಕಡೆ ಬ್ಯಾಕ್ಟೀರಿಯಾ ಬೆಳೆಯಲ್ಲ. ಒಣ ಹವೆ ನಮಗೆ ಉಪಕಾರ ಮಾಡೋದು ಇದೊಂದರಲ್ಲೇ.

ವಿಡಿಯೊಗಳಲ್ಲಿ ಇದಕ್ಕೆ ನಿಂಬೆರಸ ಹಿಂಡಿ ಅಂತಾರೆ. ಹಿಂಡಬೇಡಿ. ನಿಂಬೆಯಲ್ಲಿರೋ ಫ್ಯುರಾನೊಕೌಮರಿನ್ ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಸುಟ್ಟ ಹಾಗೆ ಬೊಬ್ಬೆ ಬಂದು, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬೆಳ್ಳಗಾಗೋಕೆ ಹಚ್ಚಿ ಕಪ್ಪಾಗೋದು ಅಂದ್ರೆ ಇದೇ.

ಬೆಳ್ಳಗಾಗೋ ಮಾತು ಬಂತಲ್ಲ, ಅದನ್ನೂ ಹೇಳಿಬಿಡ್ತೀವಿ. ಹೊಲದಲ್ಲಿ ದುಡಿದು ಬಿಸಿಲಿಗೆ ಕಪ್ಪಾದ ಮುಖ ಕಾಯಿಲೆಯಲ್ಲ. ಆದರೂ ಮದುವೆ ಗೊತ್ತಾದ ಹುಡುಗಿಯರಿಗೆ ಯಾರೋ ಮೆಡಿಕಲ್ ಶಾಪಿನಿಂದ ಸಣ್ಣ ಟ್ಯೂಬ್ ತಂದುಕೊಡ್ತಾರೆ. ಅಂಥವುಗಳಲ್ಲಿ ಎಷ್ಟೋ ಸ್ಟೀರಾಯ್ಡ್ ಕ್ರೀಮುಗಳು. ವಾರದಲ್ಲಿ ಮುಖ ತಿಳಿಯಾಗುತ್ತೆ, ತಿಂಗಳುಗಳಲ್ಲಿ ಚರ್ಮ ತೆಳ್ಳಗಾಗಿ ರಕ್ತನಾಳ ಕಾಣುತ್ತೆ, ಬಿಟ್ಟರೆ ಉರಿ, ಮೊಡವೆ. 2018ರಲ್ಲಿ ಕೇಂದ್ರ ಸರ್ಕಾರ ಇಂಥ ಹಲವು ಸ್ಟೀರಾಯ್ಡ್ ಮುಲಾಮುಗಳನ್ನ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಮಾಡಿತು. ಮನೆಯಲ್ಲಿ ಯಾರಾದರೂ ಬಳಸ್ತಿದ್ದರೆ ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಮೊಮೆಟಾಸೋನ್, ಕ್ಲೋಬೆಟಾಸಾಲ್ ಅಂತ ಇದೆಯಾ ಓದಿ. ಇದ್ದರೆ ಒಮ್ಮೆಲೇ ನಿಲ್ಲಿಸೋದೂ ತೊಂದರೆ ಕೊಡಬಹುದು, ಚರ್ಮದ ವೈದ್ಯರಿಗೆ ತೋರಿಸಿ ಬಿಡಿಸಬೇಕು. ಅದರ ಬದಲು ನಮ್ಮ ಬೇವಿನ ಲೇಪ ಹಚ್ಚಿ ಅಂತ ನಾವು ಹೇಳಲ್ಲ.

ಕೊನೆಗೆ ಹಿಮ್ಮಡಿ. ಅಲ್ಲಿಗೆ ಪಾಚಿಯೂ ಬೇಡ, ಸೊಪ್ಪೂ ಬೇಡ. ರಾತ್ರಿ ಹದವಾದ ಬಿಸಿನೀರಲ್ಲಿ ಹತ್ತು ನಿಮಿಷ ಕಾಲಿಟ್ಟು, ಒರೆಸಿ, ಹರಳೆಣ್ಣೆ ಹಚ್ಚಿ ಹಳೇ ಕಾಲುಚೀಲ ಹಾಕ್ಕೊಂಡು ಮಲಗಿ. ಹರಳೆಣ್ಣೆ ಮಂದ ಇರೋದರಿಂದ ಬೇರೆ ಎಣ್ಣೆಗಿಂತ ಹೆಚ್ಚು ಹೊತ್ತು ಕೂರುತ್ತೆ. ಸಕ್ಕರೆ ಕಾಯಿಲೆ ಇರೋ ಅಜ್ಜ ಅಜ್ಜಿಯರ ಕಾಲನ್ನ ಮಾತ್ರ ಬಿಸಿನೀರಿಗೆ ಇಡಿಸಬೇಡಿ, ಸ್ಪರ್ಶ ಕಡಿಮೆಯಾಗಿದ್ದರೆ ಸುಟ್ಟಿದ್ದೂ ಅವರಿಗೆ ಗೊತ್ತಾಗಲ್ಲ. ಸೀಳಿನಿಂದ ರಕ್ತ ಬರ್ತಿದ್ದರೆ ಆಸ್ಪತ್ರೆಗೆ ಕರಕೊಂಡು ಹೋಗಿ.