ಬಸಳೆಯ ಚಪ್ಪರದ ಕೆಳಗೆ ಜಮೈಕಾ

ಸೀತಾನದಿಯೂ ಸುವರ್ಣಾನದಿಯೂ ಕಡಲನ್ನು ಕೂಡುವ ಅಳಿವೆಯ ದಂಡೆಯ ಮೇಲೆ ಹಂಗಾರಕಟ್ಟೆ ಎಂಬ ಪುಟ್ಟ ಬಂದರಿದೆ. ಹೆದ್ದಾರಿಯ ಸಾಸ್ತಾನದಲ್ಲಿ ಬಸ್ಸಿಳಿದು ಕಡಲ ಕಡೆಗೆ ತಿರುಗಿದರೆ ಸ್ವಲ್ಪ ಹೊತ್ತಿನಲ್ಲಿಯೇ ನೀರಿನ ವಾಸನೆ ಮೂಗಿಗೆ ಬರುತ್ತದೆ. ಬಾರ್ಕೂರು ರಾಜಧಾನಿಯಾಗಿ ಮೆರೆದ ಕಾಲದಿಂದಲೂ ಈ ಅಳಿವೆಯಲ್ಲಿ ಹಡಗುಗಳು ಬಂದುಹೋಗಿವೆ. ಆಚೆ ದಡದ ಕೋಡಿಬೆಂಗ್ರೆಗೆ ಹೋಗಬೇಕಾದವರು ನೀರನ್ನೇ ದಾಟಬೇಕು. ನಾವು ದಂಪತಿಗಳು 2014ರಲ್ಲಿ ಇಲ್ಲಿ ಮನೆ ಹಿಡಿದೆವು. ಎರೆಭೂಮಿಯ ಊರಿನಲ್ಲಿ ಹುಟ್ಟಿ, ಮಠದ ವಿದ್ಯಾರ್ಥಿನಿಲಯದಲ್ಲಿ ಬೆಳೆದು, ಕರಾವಳಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದ ನನಗೆ ಮರಳುನೆಲವೂ ಹೊಸತು, ಆ ನೆರೆಮನೆಯಿಂದ ಸಂಜೆ ಸಂಜೆ ಕೇಳಿಬರುತ್ತಿದ್ದ ದುಬುದುಬು ಸದ್ದೂ ಹೊಸತು.

ಮೊದಲ ವಾರ ಸಹಿಸಿದೆ. ಎರಡನೆಯ ವಾರ, ಒಂದು ಹಳೆಯ ಟೀಕಾಗ್ರಂಥದ ಕರಡನ್ನು ತಿದ್ದುತ್ತಿದ್ದಾಗ ತಾಳ್ಮೆ ತಪ್ಪಿ ಬೇಲಿಯ ಬಳಿಗೆ ಹೋದೆ. ಎಪ್ಪತ್ತು ದಾಟಿದ ಹಿರಿಯರೊಬ್ಬರು ಮೊಣಕಾಲವರೆಗೆ ಮುಂಡು ಕಟ್ಟಿ ಬಸಳೆಯ ಬುಡಕ್ಕೆ ಸಗಣಿನೀರು ಹೊಯ್ಯುತ್ತಿದ್ದರು. ಜಗಲಿಯ ಮೇಲೆ ಗ್ರಾಮಫೋನಿನ ತಟ್ಟೆ ತಿರುಗುತ್ತಿತ್ತು. ನಾನು ಬಾಯಿ ತೆರೆಯುವ ಮುನ್ನವೇ, “ಹ್ವಾಯ್ ಮಾಷ್ಟ್ರೇ, ಗಲಾಟಿ ಜೋರಾಯ್ತಾ? ಬನಿ, ಕೂಕಣಿ” ಎಂದರು. ಜಗಳಕ್ಕೆ ಹೋದವನು ಮಜ್ಜಿಗೆ ಕುಡಿದು ಹಿಂದಿರುಗಿದೆ.

ಅವರು ಮೂವತ್ತು ವರ್ಷಕ್ಕೂ ಮಿಕ್ಕಿ ಸರಕುಹಡಗುಗಳ ಎಂಜಿನ್ ಕೋಣೆಯಲ್ಲಿ ದುಡಿದವರು. ಬಂದರು ಬಂದರಿನಲ್ಲಿ ಇತರರು ಗಡಿಯಾರ, ಸೀರೆ, ಅತ್ತರು ಕೊಂಡರೆ ಇವರು ಕೊಂಡದ್ದು ಎರಡೇ: ರೆಗೆ ಎಂಬ ಸಂಗೀತದ ಧ್ವನಿಮುದ್ರಿಕೆಗಳು ಮತ್ತು ಒಂದು ಒಳ್ಳೆಯ ಶಾರ್ಟ್‌ವೇವ್ ರೇಡಿಯೋ. ನಿವೃತ್ತರಾಗಿ ಬಂದ ಮೇಲೆ ಇವೆರಡರ ಜೊತೆಗೆ ಹಿತ್ತಲು ಸೇರಿತು.

ರೆಗೆ ಎಂದರೇನೆಂದು ನಮ್ಮ ವಾಚಕರಲ್ಲಿ ಅನೇಕರು ಕೇಳಬಹುದು, ನಾನೂ ಕೇಳಿದ್ದೆ. ವೆಸ್ಟ್ ಇಂಡೀಸಿನ ಜಮೈಕಾ ದ್ವೀಪದಲ್ಲಿ 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಗಾಯನಪದ್ಧತಿ ಅದು. ಗುಲಾಮರಾಗಿ ಆಫ್ರಿಕದಿಂದ ತರಲ್ಪಟ್ಟವರ ಸಂತತಿ ತಮ್ಮ ಬಡತನವನ್ನೂ ಸ್ವಾಭಿಮಾನವನ್ನೂ ಹಾಡಿಕೊಂಡ ಬಗೆ. ಇದನ್ನು ಲೋಕಕ್ಕೆಲ್ಲ ಮುಟ್ಟಿಸಿದ ಬಾಬ್ ಮಾರ್ಲಿ 1945ರಲ್ಲಿ ಹಳ್ಳಿಯೊಂದರಲ್ಲಿ ಹುಟ್ಟಿ, ರಾಜಧಾನಿ ಕಿಂಗ್‌ಸ್ಟನ್ನಿನ ಕೊಳೆಗೇರಿಯಲ್ಲಿ ಬೆಳೆದು, 1981ರಲ್ಲಿ ಮೂವತ್ತಾರರ ವಯಸ್ಸಿನಲ್ಲಿಯೇ ತೀರಿಕೊಂಡ. ಯುನೆಸ್ಕೋ ಸಂಸ್ಥೆ 2018ರಲ್ಲಿ ರೆಗೆಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನನ್ನು ಸೆಳೆದದ್ದು ಅದರ ತಾಳ. ನಾಲ್ಕು ಎಣಿಕೆಯಲ್ಲಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಗಿಟಾರಿನ ಚುಟುಕಾದ ಮೀಟು; ಮೂರನೆಯದಕ್ಕೆ ದೊಡ್ಡ ಡೋಲಿನ ಪೆಟ್ಟು; ಮೊದಲನೆಯ ಎಣಿಕೆ ಅನೇಕ ಹಾಡುಗಳಲ್ಲಿ ಬರಿದು. ನಾವು ಭಾರವಿಡುವ ಜಾಗದಲ್ಲಿಯೇ ಅವರು ಮೌನವನ್ನಿಡುತ್ತಾರೆ. ನಮ್ಮ ಸಂಗೀತಶಾಸ್ತ್ರದಲ್ಲಿ ತಾಳ ಆರಂಭವಾದ ಮೇಲೆ ಹಾಡು ಎತ್ತಿಕೊಳ್ಳುವುದನ್ನು ಅನಾಗತ ಗ್ರಹವೆನ್ನುತ್ತಾರಷ್ಟೆ. ಅದನ್ನು ಬಲ್ಲವರಿಗೆ ರೆಗೆಯ ಕೀಲು ತಿಳಿಯಲು ಹೆಚ್ಚು ಹೊತ್ತು ಬೇಕಾಗದು. ಯಕ್ಷಗಾನದ ಚೆಂಡೆಯನ್ನು ಕೇಳಿ ಬೆಳೆದ ಈ ಊರಿನ ಕಿವಿಗೆ ಅದು ಪರಕೀಯವೆನಿಸದಿದ್ದರೆ ಆಶ್ಚರ್ಯವಿಲ್ಲ. ಈ ಹಾಡುಗಾರರಲ್ಲಿ ಹಲವರು ನಂಬುವ ರಾಸ್ತಫಾರಿ ಪಂಥದಲ್ಲಿ ಗಾಂಜಾ ಸೇವನೆಯುಂಟು. ಅದನ್ನು ನಾನು ಒಪ್ಪಲಾರೆ. ಆದರೆ ಆ ಸೊಪ್ಪೂ ಗಾಂಜಾ ಎಂಬ ಹೆಸರೂ ಹೋದದ್ದು ನಮ್ಮ ದೇಶದಿಂದಲೇ ಎಂಬುದನ್ನು ಮರೆಯುವಂತಿಲ್ಲ. 1845ರಿಂದ 1917ರವರೆಗೆ ಸುಮಾರು 36,000 ಭಾರತೀಯರು ಕರಾರು ಕೂಲಿಗಳಾಗಿ ಜಮೈಕಾದ ಕಬ್ಬಿನ ತೋಟಗಳಿಗೆ ಹೋದರು. ಅದೇ ಪಂಥದವರಲ್ಲಿ ಮಾಂಸ ತೊರೆದು, ಉಪ್ಪು ಕಡಮೆ ಮಾಡಿ, ನೆಲದಲ್ಲಿ ಬೆಳೆದ ಸೊಪ್ಪು ಗಡ್ಡೆಗಳನ್ನೇ ಉಣ್ಣುವವರು ಬಹಳ ಮಂದಿ. ಅಂಥ ಊಟಕ್ಕೆ ಅವರು ‘ಐಟಲ್’ ಎನ್ನುತ್ತಾರೆ.

ಇಲ್ಲಿಂದ ಮಾತು ಹಿತ್ತಲಿಗೆ ಬರುತ್ತದೆ. ಕರಾವಳಿಯ ನೆಲ ಮರಳು, ಹುಳಿ. ವರ್ಷಕ್ಕೆ ಸುಮಾರು ನಾಲ್ಕು ಸಾವಿರ ಮಿಲಿಮೀಟರ್ ಮಳೆ ಸುರಿದು ಸಾರವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಎರೆಮಣ್ಣಿನವನಾದ ನಾನು ಮೊದಲ ವರ್ಷ ಗೊಬ್ಬರವನ್ನು ಒಮ್ಮೆಗೇ ಸುರಿದು ಸೋತೆ. ಹಿರಿಯರು ಕಲಿಸಿದ್ದು ಬೇರೆ ಲೆಕ್ಕ: ಸ್ವಲ್ಪ ಸ್ವಲ್ಪವಾಗಿ, ಆಗಾಗ್ಗೆ. ತರಗೆಲೆಗೂ ಕಸಕಡ್ಡಿಗೂ ಮಣ್ಣು ಹೊದಿಸಿ ನಿಧಾನವಾಗಿ ಸುಟ್ಟ ಸುಡುಮಣ್ಣು, ಒಲೆಯ ಬೂದಿ, ನೀರನ್ನು ಹಿಡಿದಿಡಲು ಬುಡದಲ್ಲಿ ಹೂಳುವ ತೆಂಗಿನ ಸಿಪ್ಪೆ. ಇಲ್ಲಿನವರು ತೆಂಗಿಗೆ ಮೀನಿನ ಗೊಬ್ಬರ ಹಾಕುವುದೂ ಉಂಟು. ಅದು ನಮ್ಮ ಮನೆಗೆ ಆಗದೆಂದು ಅವರೇ ಅರಿತು, “ನೀವ್ ಹಿಂಡಿ ಹಾಕಿ” ಎಂದರು. ಶೇಂಗಾ ಹಿಂಡಿಯನ್ನು ನೀರಿನಲ್ಲಿ ಕೊಳೆಸಿ ಹೊಯ್ದೆ. ಅದರ ನಾತದ ಮುಂದೆ ಮೀನಿನದೇ ವಾಸಿಯಿತ್ತೇನೋ ಎಂದು ನನ್ನ ಮನೆಯವರ ಅಭಿಪ್ರಾಯ.

ಬಸಳೆಗೆ ಬೀಜ ಹುಡುಕುವ ಅಗತ್ಯವಿಲ್ಲ. ಮಳೆ ಹಿಂದೆ ಸರಿದ ಮೇಲೆ ಮೂರು ನಾಲ್ಕು ಗೆಣ್ಣಿರುವ ಬಲಿತ ತುಂಡನ್ನು ಊರಿ, ಎರಡು ಹೊತ್ತು ನೀರು ಕೊಟ್ಟರೆ ಸಾಕು. ಚಪ್ಪರಕ್ಕೆ ಹಬ್ಬಿದ ಬಳಿಕ ಕುಡಿ ಚಿವುಟಿದಷ್ಟೂ ಕವಲೊಡೆಯುತ್ತದೆ. ಹರಿವೆಗೆ ಮಾತ್ರ ಉಪಾಯ ಬೇಕು. ಸಾಸಿವೆಗಿಂತ ಸಣ್ಣ ಬೀಜ, ಬಿತ್ತಿದ ರಾತ್ರಿಯೇ ಇರುವೆಗಳು ಹೊತ್ತೊಯ್ಯುತ್ತವೆ. ಬೀಜದೊಡನೆ ಒಂದು ಹಿಡಿ ಅಕ್ಕಿಯ ತರಿಯನ್ನು ಬೆರೆಸಿದರೆ ಇರುವೆ ತರಿಗೆ ಹೋಗುತ್ತದೆ, ಬೀಜ ಉಳಿಯುತ್ತದೆ. ಬಯಲುಸೀಮೆಯ ವಾಚಕರಿಗೆ ಹೇಳುವುದಾದರೆ, ಹರಿವೆ ನಮ್ಮ ದಂಟಿನ ಸೊಪ್ಪಿನ ಬಳಗದ್ದೇ.

ಒಂದು ಸಂಜೆ ಈ ಹರಿವೆಯನ್ನು ಕೀಳುತ್ತ ಅವರು, ಕಿಂಗ್‌ಸ್ಟನ್ನಿನ ಸಂತೆಯಲ್ಲಿ ಇದನ್ನೇ ಕಟ್ಟು ಕಟ್ಟಿ ಮಾರುವುದನ್ನು ಕಂಡು ಊರಿನ ನೆನಪಾಗಿ ಕಣ್ಣು ತುಂಬಿತ್ತೆಂದರು. ನಾನು ನಂಬಲಿಲ್ಲ. ಮೇಲೆ ಓದಿ ನೋಡಿದರೆ ಅವರ ಮಾತು ನಿಜವಾಗಿತ್ತು. ಜಮೈಕಾದವರು ‘ಕಲಲೂ’ ಎಂದು ಬೆಳಗಿನ ಊಟಕ್ಕೆ ಬೇಯಿಸಿಕೊಳ್ಳುವ ಸೊಪ್ಪು ಹರಿವೆಯ ಕುಲದ್ದೇ. ತೊಗರಿಯೂ ಅಲ್ಲಿಯದೇ ಎಂಬಷ್ಟು ಬಳಕೆಯಲ್ಲಿದೆ. ಕಾಳನ್ನು ಅನ್ನದೊಡನೆ ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ. ನಮ್ಮ ಬೇಲಿಯಂಚಿನಲ್ಲಿರುವ ಜೀಗುಜ್ಜೆಯ ಮರದ ಕಥೆ ಇನ್ನೂ ದೊಡ್ಡದು. ಘಟ್ಟದ ಮೇಲಿನ ಕೆಲವರು ಇದನ್ನು ದೀವಿಹಲಸು ಎನ್ನುತ್ತಾರೆ. ಕಬ್ಬಿನ ತೋಟದ ಗುಲಾಮರಿಗೆ ಅಗ್ಗದ ಆಹಾರವಾದೀತೆಂದು ಬ್ರಿಟಿಷರು ಇದರ ಸಸಿಗಳನ್ನು ತಹಿತಿ ದ್ವೀಪದಿಂದ ತರಿಸಲು ವಿಲಿಯಂ ಬ್ಲೈ ಎಂಬ ನೌಕಾಧಿಕಾರಿಯನ್ನು ಕಳುಹಿದರು. 1789ರಲ್ಲಿ ಬೌಂಟಿ ಹಡಗಿನ ನಾವಿಕರು ದಂಗೆಯೆದ್ದು ಆತನನ್ನು ದೋಣಿಯಲ್ಲಿ ತೇಲಿಬಿಟ್ಟರು. ಎರಡನೆಯ ಯಾನದಲ್ಲಿ, 1793ರಲ್ಲಿ, ಸಸಿಗಳು ಜಮೈಕಾ ಮುಟ್ಟಿದವು. ಯಾರಿಗಾಗಿ ತಂದರೋ ಅವರು ಮೊದಮೊದಲು ಅದನ್ನು ಮೂಸಿಯೂ ನೋಡಲಿಲ್ಲವಂತೆ. ಈಗ ಕೆಂಡದಲ್ಲಿ ಸುಟ್ಟ ಜೀಗುಜ್ಜೆಯಿಲ್ಲದೆ ಆ ದ್ವೀಪದವರ ಊಟವಿಲ್ಲ. ನಾವು ಪೋಡಿ ಕರಿಯುತ್ತೇವೆ, ಹುಳಿ ಮಾಡುತ್ತೇವೆ.

ಇನ್ನು ರೇಡಿಯೋ. ಮಠದಲ್ಲಿ ನಮಗೆ ರೇಡಿಯೋ ಎಂದರೆ ಬೆಳಗ್ಗೆ 6.55ರ ಸಂಸ್ಕೃತ ವಾರ್ತೆ. ಅದು ಮುಗಿದೊಡನೆ ಪೆಟ್ಟಿಗೆಗೆ ಬೀಗ. ಸಿಲೋನ್ ಕೇಂದ್ರದ ಚಿತ್ರಗೀತೆಯನ್ನು ಊರಿಗೆ ಹೋದಾಗ ಪಂಚಾಯಿತಿ ಕಟ್ಟೆಯಲ್ಲಿ ನಿಂತು ಕದ್ದು ಕೇಳಿದ್ದುಂಟು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ನಡೆಸಿದ ನಾಡು ನಮ್ಮದು. ಹಂಗಾರಕಟ್ಟೆಗೆ ಸಮೀಪದ ಬ್ರಹ್ಮಾವರದಲ್ಲಿಯೇ ಮಂಗಳೂರು ಆಕಾಶವಾಣಿಯ ಮಧ್ಯಮತರಂಗದ ಪ್ರಸಾರಗೋಪುರ ಎದ್ದಿತು. ಆ ಕೇಂದ್ರ ಆರಂಭವಾದದ್ದು 1976ರಲ್ಲಿ. ಆದರೆ ಅದು ನೆರೆಹೊರೆಯ ಧ್ವನಿ. ಶಾರ್ಟ್‌ವೇವ್, ಅಂದರೆ ಹ್ರಸ್ವತರಂಗವು, ನೆಲದಿಂದ ಮೇಲೇರಿ, ಸೂರ್ಯನ ಕಿರಣಗಳಿಂದ ವಿದ್ಯುದಾವೇಶಗೊಂಡ ಅಯಾನುಗೋಳಕ್ಕೆ ತಾಗಿ, ಸಾವಿರಾರು ಮೈಲಿಯಾಚೆ ಮರಳಿ ಇಳಿಯುತ್ತದೆ. ಹಗಲಿಗೆ 16 ಮತ್ತು 19 ಮೀಟರಿನ ಪಟ್ಟಿಗಳು, ರಾತ್ರಿಗೆ 41 ಮತ್ತು 49ರವು ಎಂದು ಅವರು ನನಗೆ ಬಾಯಿಪಾಠ ಮಾಡಿಸಿದರು. ತಂತಿಯ ಒಂದು ತುದಿ ತೆಂಗಿನ ಮರಕ್ಕೆ, ಇನ್ನೊಂದು ಜಗಲಿಯ ಕಂಬಕ್ಕೆ. ಸುತ್ತಲಿನ ಎಲ್‌ಇಡಿ ದೀಪಗಳೂ ಇನ್ವರ್ಟರುಗಳೂ ಗರಗರ ಶಬ್ದ ಎಬ್ಬಿಸುತ್ತವೆ. ಆದ್ದರಿಂದ ಕರೆಂಟು ಹೋದಾಗ ಊರೆಲ್ಲ ಗೊಣಗಿದರೆ ನಾವಿಬ್ಬರು ಹಿಗ್ಗುತ್ತಿದ್ದೆವು.

ರೆಗೆಗೂ ರೇಡಿಯೋಗೂ ನಂಟು ಹಳೆಯದು. 1950ರ ಸುಮಾರಿಗೆ ಜಮೈಕಾದ ತರುಣರು ರಾತ್ರಿಯ ಹೊತ್ತು ಅಮೆರಿಕದ ಮಯಾಮಿ, ನ್ಯೂ ಆರ್ಲಿಯನ್ಸ್ ಕೇಂದ್ರಗಳ ಹಾಡುಗಳನ್ನು ಹಿಡಿದು ಕೇಳುತ್ತಿದ್ದರು. ಆ ಹಾಡನ್ನು ತಮ್ಮ ಕೈಗೆ ಬಂದಂತೆ ನುಡಿಸುತ್ತ ಹೋದಾಗ ಮೊದಲು ಸ್ಕಾ, ಬಳಿಕ ರೆಗೆ ಹುಟ್ಟಿತು.

2017ರ ಫೆಬ್ರವರಿಯ ಒಂದು ಸಂಜೆ ಅವರು ರೇಡಿಯೋದ ಗುಂಡಿಯನ್ನು ಬಹಳ ಹೊತ್ತು ತಿರುಗಿಸುತ್ತಿದ್ದರು. ಹಡಗಿನ ದಿನಗಳಿಂದ ಕೇಳುತ್ತ ಬಂದ ರೇಡಿಯೋ ಆಸ್ಟ್ರೇಲಿಯಾ ಸಿಗುತ್ತಿರಲಿಲ್ಲ. ಕೂಕಬರ ಎಂಬ ಹಕ್ಕಿಯ ನಗುವಿನಿಂದ ಗುರುತಾಗುತ್ತಿದ್ದ ಕೇಂದ್ರ ಅದು. “ಸ್ಟೇಷನ್ ಮುಚ್ಚಿತಾ ಮಾಷ್ಟ್ರೇ, ನನ್ ಕೆಮಿ ಮುಚ್ಚಿತಾ?” ಎಂದರು. ಕೆಮಿಯೆಂದರೆ ಇಲ್ಲಿಯ ಮಾತಿನಲ್ಲಿ ಕಿವಿ. ನಾನು ನಗುವೆನೆಂದುಕೊಂಡಿದ್ದರೋ ಏನೋ. ಅವರ ಮುಖದಲ್ಲಿ ನಗುವಿರಲಿಲ್ಲ. ವಿಚಾರಿಸಿದಾಗ ತಿಳಿಯಿತು, ಆ ಜನವರಿ 31ಕ್ಕೆ ಆಸ್ಟ್ರೇಲಿಯಾದವರು ಹ್ರಸ್ವತರಂಗದ ಪ್ರಸಾರವನ್ನು ನಿಲ್ಲಿಸಿದ್ದರು. ಓಡಿಹೋಗಿ ಹೇಳಿದೆ. ಕೇಂದ್ರ ಮುಚ್ಚಿದ ಸುದ್ದಿ ಕೇಳಿ ಒಬ್ಬರು ಅಷ್ಟು ಸಮಾಧಾನಗೊಂಡದ್ದನ್ನು ನಾನು ಕಂಡಿಲ್ಲ.

ಆದರೆ ಆ ಸಮಾಧಾನ ಉಳಿಯಲಿಲ್ಲ. ಎಂಜಿನ್ನುಗಳ ಅಬ್ಬರ ಮೂವತ್ತು ವರ್ಷ ತಿಂದ ಕಿವಿ ಅದು. ಇಂಥ ಕಿವುಡಿನಲ್ಲಿ ಮೊದಲು ಹೋಗುವುದು ಎತ್ತರದ ಸ್ವರಗಳು: ಹಕ್ಕಿಯ ಉಲಿ, ಮಕ್ಕಳ ಮಾತು, ಸ, ಶ ಕಾರಗಳು. ಕೊನೆಯವರೆಗೆ ಉಳಿಯುವುದು ತಗ್ಗಿನ ನಾದ. ದೂರದ ಕೇಂದ್ರದ ತೆಳುವಾದ ವಾರ್ತೆ ಅವರಿಗೆ ವರ್ಷದಿಂದ ವರ್ಷಕ್ಕೆ ಮಸುಕಾಯಿತು. ರೆಗೆಯ ದುಬುದುಬು ಮಾತ್ರ ಹಾಗೆಯೇ ಉಳಿಯಿತು. ಮೊದಲ ವಾರ ನನ್ನನ್ನು ರೇಗಿಸಿದ ಆ ಸದ್ದು ಏಕೆ ಅಷ್ಟು ಜೋರಾಗಿತ್ತೆಂದು ನನಗೆ ತಿಳಿದದ್ದು ಆಗ. ಶ್ರವಣಯಂತ್ರ ತರಿಸಿದೆವು. ಅದರಲ್ಲಿ ಹಾಡೆಲ್ಲ ತಗಡಿನಂತೆ ಕೇಳುತ್ತದೆಂದು ಅವರು ಅದನ್ನು ಪೆಟ್ಟಿಗೆಗೆ ಹಾಕಿಟ್ಟರು. ಈ ವಿಷಯದಲ್ಲಿ ಅವರದು ಹಟವೆಂದೇ ನನ್ನ ಎಣಿಕೆ.

ಹೀಗೆ ಕೆಲಸ ಹಂಚಿಹೋಯಿತು. ಸಂಜೆ ನಾನು ರೇಡಿಯೋದ ಮುಂದೆ ಕೂತು ಕೇಳುತ್ತೇನೆ, ಅವರು ನನ್ನ ಹರಿವೆಯ ಪಾತಿಯನ್ನು ಕೆದರುತ್ತಾರೆ. ಬಳಿಕ ಕೇಳಿದ್ದನ್ನು ಕಿವಿಯ ಹತ್ತಿರ ಬಾಗಿ, ಸ್ವರ ತಗ್ಗಿಸಿ, ನಿಧಾನವಾಗಿ ಹೇಳುತ್ತೇನೆ. ಕೂಗಿದರೆ ಅವರಿಗೆ ತಿಳಿಯದು. 2020ರ ಜನವರಿ 31ರಂದು ಬಿಬಿಸಿಯ ಹಿಂದಿ ಹ್ರಸ್ವತರಂಗದ ಕೊನೆಯ ಪ್ರಸಾರವನ್ನು ಹಾಗೆಯೇ ಹೇಳಿದೆ. ಒಂದೊಂದೇ ಕೇಂದ್ರ ಆರುತ್ತಿದೆ. ಚೀನಾದವರದು ಮಾತ್ರ ಇನ್ನೂ ಸಾಲುಸಾಲಾಗಿ ಸಿಗುತ್ತದೆ.

ಕಳೆದ ಬೇಸಿಗೆ ಅವರ ಬಾವಿಗೆ ಉಪ್ಪುನೀರು ನುಗ್ಗಿತು. ಏಪ್ರಿಲ್, ಮೇ ತಿಂಗಳಲ್ಲಿ ನದಿಯ ಸಿಹಿನೀರು ಬತ್ತಿದಾಗ ಭರತದ ನೀರು ಒಳಕ್ಕೆ ಏರುವುದು ಅಳಿವೆಯ ಊರುಗಳ ಹಳೆಯ ದುಃಖ. ಮೇಲೆ ಕಿಂಡಿ ಅಣೆಕಟ್ಟುಗಳು ತಡೆಯುವಷ್ಟನ್ನು ತಡೆಯುತ್ತವೆ. ಇಲ್ಲಿ, ಬಾಯಲ್ಲಿಯೇ ಇರುವವರಿಗೆ ಅದರ ಪ್ರಯೋಜನವಿಲ್ಲ. ಬೀನ್ಸ್ ಗಿಡಗಳ ಎಲೆಯಂಚು ಸುಟ್ಟು ವಾರದೊಳಗೆ ಸತ್ತವು. ತೆಂಗು ತಡೆಯಿತು, ಜೀಗುಜ್ಜೆಯೂ ಹೇಗೋ ನಿಂತಿತು. ಮುಂಬಯಿಯಲ್ಲಿರುವ ಮಗ, ಒಬ್ಬರೇ ಇರುವುದು ಸಾಕು, ಬನ್ನಿ ಎಂದು ಕರೆದ. ಅವರು ಹೋಗಿ ಇಪ್ಪತ್ತು ದಿನವಿದ್ದು, ಮಳೆಗೆ ಮುಂಚೆ ಬಂದುಬಿಟ್ಟರು.

ನಮ್ಮ ಬಾವಿ ಇನ್ನೂ ಸಿಹಿಯಾಗಿದೆ. ಈಗ ಎರಡೂ ಹಿತ್ತಲಿಗೆ ಅದೇ ನೀರು. ಬೇಲಿಯಲ್ಲಿ ಒಂದು ಕಂಡಿ ಮಾಡಿ ಕೊಳವೆ ಹಾಯಿಸಿದ್ದೇವೆ. ಮಳೆಗಾಲದಲ್ಲಿ ಧ್ವನಿಮುದ್ರಿಕೆಗಳ ಹೊದಿಕೆಗೆ ಬೂಷ್ಟು ಹಿಡಿಯುವುದರಿಂದ ಅವನ್ನೆಲ್ಲ ನಮ್ಮ ಪುಸ್ತಕದ ಕಪಾಟಿಗೆ ತಂದು ನೆಟ್ಟಗೆ ನಿಲ್ಲಿಸಿದೆ. ನಿನ್ನೆ ಸಂಜೆ ಒಂದನ್ನು ಒರೆಸಿ ಹಾಕಿದೆ. ಅವರು ಧ್ವನಿವರ್ಧಕದ ಪೆಟ್ಟಿಗೆಯ ಮೇಲೆ ಅಂಗೈಯಿಟ್ಟು ಕೂತರು, ಬೆರಳಿನಿಂದ ಮೂರನೆಯ ಎಣಿಕೆಯನ್ನು ತಟ್ಟುತ್ತ. ಹಾಡು ಮುಗಿದ ಮೇಲೆ, ಹರಿವೆ ಬೀಜ ತೆಗೆದಿಟ್ಟಿದ್ದೀರಾ ಎಂದು ಕೇಳಿದರು. ಇಟ್ಟಿದ್ದೇನೆ ಎಂದೆ, ಸ್ವರ ತಗ್ಗಿಸಿ.