ಸೂಜಿಗೆ ಮೊದಲು ಎರಡು ಲೋಟ ನೀರು



ಅವಲಾಂಚ್ ಕಡೆಯ ಚಳಿಯನ್ನು ನಿಮಗೆ ಹೇಳಬೇಕಾಗಿಲ್ಲ. ಡಿಸೆಂಬರ್-ಜನವರಿಯ ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಬಿದ್ದಿರುತ್ತದೆ. ಆ ಹೊತ್ತಿನಲ್ಲೇ ಎಷ್ಟೋ ಜನ ಎಮರಾಲ್ಡ್ ದಾಟಿ ಊಟಿಗೆ ರಕ್ತಪರೀಕ್ಷೆಗೆ ಹೊರಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಹೇಳಿರುವುದರಿಂದ ರಾತ್ರಿಯಿಂದ ಹನಿ ನೀರನ್ನೂ ಮುಟ್ಟಿರುವುದಿಲ್ಲ. ಅಲ್ಲಿ ಒಂದು ಸಲ ಚುಚ್ಚಿದರೆ ರಕ್ತ ಬರುವುದಿಲ್ಲ, ಮತ್ತೊಂದು ಸಲ, ಇನ್ನೊಂದು ಸಲ. ತೋಳು ನೀಲಿಯಾಗಿ ಮನೆಗೆ ಬಂದವರು ಮುಂದಿನ ವರ್ಷ ಆ ಕಡೆ ತಲೆ ಹಾಕುವುದಿಲ್ಲ. ಸಕ್ಕರೆ ಕಾಯಿಲೆ ಮಾತ್ರ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಪಾದದ ನರಗಳನ್ನು ಕೆಡಿಸುತ್ತಾ ಹೋಗುತ್ತದೆ.

ತಪ್ಪು ಯಾವಾಗಲೂ ಚುಚ್ಚಿದವರದ್ದೇ ಅಲ್ಲ. ಚಳಿಗೆ ಚರ್ಮದಡಿಯ ರಕ್ತನಾಳಗಳು ಕುಗ್ಗುತ್ತವೆ. ನೀರು ಕುಡಿಯದಿದ್ದರೆ ಅವು ಇನ್ನಷ್ಟು ಸಪ್ಪಗಾಗುತ್ತವೆ. ನೀರಿಲ್ಲದ ಮೆತ್ತನೆಯ ಪೈಪನ್ನು ಬಾಯಲ್ಲಿ ಹೀರಿ ನೋಡಿ, ಎರಡು ಬದಿಯೂ ಅಂಟಿಕೊಳ್ಳುತ್ತದೆ. ಸಿರಿಂಜನ್ನು ಜೋರಾಗಿ ಎಳೆದಾಗ ಸಣ್ಣ ನಾಳದಲ್ಲೂ ಹಾಗೆಯೇ ಆಗುತ್ತದೆ.

ಖಾಲಿ ಹೊಟ್ಟೆ ಎಂದರೆ ಸಾಮಾನ್ಯವಾಗಿ ಊಟ, ಕಾಫಿ, ಹಾಲು, ಸಕ್ಕರೆ ಬೇಡವೆಂದು ಅರ್ಥ. ಬರಿಯ ನೀರು ಕುಡಿಯಬಹುದು. ವೈದ್ಯರು ಬೇರೆ ಹೇಳಿರದಿದ್ದರೆ ಹೊರಡುವಾಗ ಎರಡು ಲೋಟ ಬಿಸಿನೀರು ಕುಡಿಯಿರಿ. ಸ್ವೆಟರಿನ ತೋಳು ಇಳಿಸಿಯೇ ಇರಲಿ. ಸರದಿ ಬರುವವರೆಗೆ ಕೈಯನ್ನು ಕಂಬಳಿಯೊಳಗಿಟ್ಟು ಬೆಚ್ಚಗೆ ಮಾಡಿಕೊಳ್ಳಿ.

ಕೆಲವರಿಗೆ ನೋವಿಗಿಂತ ತಲೆಸುತ್ತಿನದೇ ಕಾಟ. ಮೂಟೆ ಹೊರುವ ಗಟ್ಟಿ ಆಳುಗಳೂ ರಕ್ತ ಕಂಡು ಕುಸಿದುಬಿಡುತ್ತಾರೆ! ಇದು ಹೇಡಿತನವಲ್ಲ. ಗಾಬರಿಯಿಂದ ನಾಡಿಬಡಿತ ನಿಧಾನವಾಗಿ ರಕ್ತದೊತ್ತಡ ಇಳಿಯುತ್ತದೆ. ಹಿಂದೆ ಹೀಗಾಗಿದ್ದರೆ ನಾಚಿಕೆಪಡದೆ ಮೊದಲೇ ಹೇಳಿ, ಮಲಗಿಸಿಕೊಂಡೇ ರಕ್ತ ತೆಗೆಯುತ್ತಾರೆ. "ಇಷ್ಟೊಂದು ರಕ್ತ ಹೋಯಿತೇ" ಎನ್ನುವವರಿಗೆ ಒಂದು ಲೆಕ್ಕ: ದೊಡ್ಡವರ ಮೈಯಲ್ಲಿ ಸುಮಾರು 5 ಲೀಟರ್ ರಕ್ತವಿದೆ. ಸಾಮಾನ್ಯ ಪರೀಕ್ಷೆಗೆ ತೆಗೆಯುವುದು 5ರಿಂದ 10 ಮಿಲಿಲೀಟರ್, ಅಂದರೆ ಒಂದೆರಡು ಟೀ ಚಮಚ.

ಸೂಜಿ ತೆಗೆದ ಮೇಲೆ ಹತ್ತಿಯನ್ನು ಮೊಣಕೈಯಲ್ಲಿ ಮಡಚಿಕೊಂಡು ಕೂರುವುದು ನಮ್ಮವರ ಹಳೆಯ ಅಭ್ಯಾಸ. ಬಹಳಷ್ಟು ನೀಲಿಗೆ ಅದೇ ಕಾರಣ. ಕೈಯನ್ನು ನೀಟವಾಗಿ ಚಾಚಿ, ಉಜ್ಜದೆ, ಐದು ನಿಮಿಷ ಒತ್ತಿ ಹಿಡಿಯಿರಿ. ರಕ್ತ ತೆಳುವಾಗುವ ಮಾತ್ರೆ ನುಂಗುವವರು ಇನ್ನೂ ಹೆಚ್ಚು ಹೊತ್ತು ಒತ್ತಬೇಕು. ಆ ದಿನ ಅದೇ ಕೈಯಲ್ಲಿ ಗೊಬ್ಬರದ ಮೂಟೆ ಎತ್ತಬೇಡಿ.

ಮೂರು ತಿಂಗಳ ಸಕ್ಕರೆಯ ಸರಾಸರಿ ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸವೇ ಬೇಕಿಲ್ಲ. ನಿಮಗೆ ಅದು ಸಾಕೇ ಎಂದು ವೈದ್ಯರನ್ನು ಕೇಳಿ. ಉಪವಾಸದ ಪರೀಕ್ಷೆಯೇ ಆದರೆ ಬೆಳಗಿನ ಸಕ್ಕರೆ ಮಾತ್ರೆ, ಇನ್ಸುಲಿನ್ ಯಾವಾಗ ತೆಗೆದುಕೊಳ್ಳಬೇಕೆಂಬುದನ್ನೂ ಹಿಂದಿನ ದಿನವೇ ಕೇಳಿಕೊಂಡು, ಚೀಲದಲ್ಲಿ ತಿಂಡಿಯ ಪೊಟ್ಟಣವೊಂದನ್ನು ಇಟ್ಟುಕೊಂಡು ಹೊರಡಿ.