ಸ್ಕೋರ್‌ಬೋರ್ಡಿನಲ್ಲಿ ಹೆಸರಿಲ್ಲದವರ ಕಥೆ

ಕ್ರಿಕೆಟ್ ಲೆಕ್ಕಗಳೆಲ್ಲ ಬಾಯಿಪಾಠವಾಗಿರುವ ಒಬ್ಬ ಹುಡುಗನಾದರೂ ಹುಬ್ಬಳ್ಳಿ-ಧಾರವಾಡದ ಪ್ರತಿ ಓಣಿಯಲ್ಲೂ ಸಿಗುತ್ತಾನೆ. ಹದಿನೇಳರ ಮಗ್ಗಿ ಕೇಳಿದರೆ ತಡವರಿಸುವವನು, ಯಾವ ವರ್ಷ ಯಾರು ಎಷ್ಟು ವಿಕೆಟ್ ಪಡೆದರು ಎಂದು ಕೇಳಿದರೆ ಥಟ್ಟನೆ ಹೇಳುತ್ತಾನೆ. 'ಇದರಿಂದ ಹೊಟ್ಟೆ ತುಂಬುತ್ತದೆಯೇ?' ಎಂದು ಹಿರಿಯರು ಗದರುತ್ತಾರೆ. ಹೊಟ್ಟೆಯ ಮಾತು ಹಾಗಿರಲಿ, ಕಥೆ ಬರೆಯುವ ಆಸೆಯುಳ್ಳವರಿಗೆ ಈ ಅಂಕಿಗಳು ಒಳ್ಳೆಯ ಬಂಡವಾಳ. ಆ ಅಂಕಿಯ ಹಿಂದೆ ಯಾರಿದ್ದರು ಎಂದು ಕೇಳುವ ಅಭ್ಯಾಸವೊಂದಿದ್ದರೆ ಸಾಕು.

ನಮ್ಮ ಭಾಗದ ಒಂದು ಉದಾಹರಣೆಯನ್ನೇ ನೋಡೋಣ. 1999ರ ಸೆಪ್ಟೆಂಬರ್ 26ರಂದು ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಗದಗಿನ ಸುನಿಲ್ ಜೋಶಿ 10 ಓವರ್ ಎಸೆದರು. ಅದರಲ್ಲಿ 6 ಮೇಡನ್. ಕೊಟ್ಟದ್ದು ಕೇವಲ 6 ರನ್, ಪಡೆದದ್ದು 5 ವಿಕೆಟ್. ಎದುರಾಳಿ ತಂಡ 117 ರನ್ನಿಗೆ ಮುಗಿಯಿತು. ಕ್ರೀಡಾ ಪುಟದ ಮಟ್ಟಿಗೆ ವಿಷಯ ಇಲ್ಲಿಗೆ ಮುಗಿಯುತ್ತದೆ. ಆದರೆ ಇದೇ ಜೋಶಿಯವರು ಬಾಲಕನಾಗಿದ್ದಾಗ ಅಭ್ಯಾಸಕ್ಕೆಂದು ಬೆಳಿಗ್ಗೆ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬಂದು, ಶಾಲೆಯ ಗಂಟೆ ಬಾರಿಸುವಷ್ಟರಲ್ಲಿ ಮತ್ತೆ ಗದಗಿಗೆ ಮರಳುತ್ತಿದ್ದರು ಎಂಬುದು ಇನ್ನೊಂದು ಮಾಹಿತಿ. ಕಥೆ ಹುಟ್ಟುವುದು ಈ ಎರಡನೆಯ ಮಾಹಿತಿಯಿಂದ.

ಕಥೆ ದಾರಿ ಬದಲಿಸುವ ಬಗೆ

ಇಂಥ ಮಾಹಿತಿಯನ್ನು ಹಿಡಿದು ಕಥೆ ಬರೆಯಲು ಕುಳಿತರೆ ಮೊದಲು ಹೊಳೆಯುವುದು ಗೆಲುವಿನ ಕಥೆ. ಬಡ ಊರಿನ ಹುಡುಗ ಕಷ್ಟಪಟ್ಟ, ದೊಡ್ಡ ಆಟಗಾರನಾದ, ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಥ ಕಥೆಯನ್ನು ಓದುಗರು ನೂರು ಸಲ ಓದಿದ್ದಾರೆ.

ಎರಡನೆಯ ಸಲ ಯೋಚಿಸಿದಾಗ ದಾರಿ ಕಣ್ಣಿಗೆ ಬೀಳುತ್ತದೆ. ಕಲ್ಪನೆಯ ಒಬ್ಬ ಹುಡುಗ, ನಸುಕಿನ ರೈಲು, ಕಿಟಕಿಯ ಚಳಿಗಾಳಿ, ತೊಡೆಯ ಮೇಲೆ ಶಾಲೆಯ ಚೀಲ. ಕಥೆಗೆ ಸ್ವಲ್ಪ ಜೀವ ಬಂತು.

ಮೂರನೆಯ ಸಲ ಒಂದು ಪ್ರಶ್ನೆ ಏಳುತ್ತದೆ. ಆ ಹುಡುಗನನ್ನು ನಸುಕಿನಲ್ಲಿ ಎಬ್ಬಿಸಿದವರು ಯಾರು? ಅವನಿಗಿಂತ ಮೊದಲು ಎದ್ದು ಒಲೆ ಹೊತ್ತಿಸಿದವರು, ರೊಟ್ಟಿ ಬಡಿದು ಡಬ್ಬಿ ಕಟ್ಟಿದವರು ಯಾರು? ಅವನಷ್ಟೇ ಚುರುಕಾಗಿದ್ದ ತಂಗಿಗೆ ಆ ರೈಲು ಹತ್ತುವ ಅವಕಾಶ ಸಿಕ್ಕಿತೇ? ಈಗ ಕಥೆ ಮೈದಾನವನ್ನು ಬಿಟ್ಟು ಅಡುಗೆಮನೆಗೆ ಬಂತು. ಈ ಮನೆ, ಈ ತಾಯಿ, ಈ ತಂಗಿ ಎಲ್ಲರೂ ಕಲ್ಪನೆಯವರು. ಅವರನ್ನು ಜೋಶಿಯವರ ಮನೆಯವರೆಂದು ಬರೆಯುವಂತಿಲ್ಲ. ಮಾಹಿತಿ ಬೀಜವಾದರೆ ಸಾಕು, ಗಿಡ ಬೇರೆಯೇ ಬೆಳೆಯಬೇಕು.

ಇನ್ನೊಂದು ತುದಿಯಲ್ಲಿ ನಿಂತವರು

1983ರ ವಿಶ್ವಕಪ್ ಎಂದರೆ ಕಪಿಲ್ ದೇವ್ ಅವರ 175 ರನ್ ಎಲ್ಲರ ಬಾಯಲ್ಲಿ. ಜೂನ್ 18ರಂದು ಜಿಂಬಾಬ್ವೆ ವಿರುದ್ಧ 17 ರನ್ನಿಗೆ 5 ವಿಕೆಟ್ ಬಿದ್ದಿದ್ದವು. 8ನೇ ವಿಕೆಟ್ ಬಿದ್ದಾಗ ಮೊತ್ತ 140. ಆಮೇಲೆ ಕಪಿಲ್ ಜೊತೆ ಕೊನೆಯವರೆಗೆ ನಿಂತವರು ನಮ್ಮ ಕರ್ನಾಟಕ ತಂಡದ ವಿಕೆಟ್ ಕೀಪರ್ ಸೈಯದ್ ಕಿರ್ಮಾನಿ. ಇಬ್ಬರೂ ಔಟಾಗದೆ 126 ರನ್ ಕೂಡಿಸಿದರು. ಅದರಲ್ಲಿ ಕಿರ್ಮಾನಿಯವರದು 24. ಆ ಜೊತೆಯಾಟ 9ನೇ ವಿಕೆಟ್ಟಿನ ಏಕದಿನ ದಾಖಲೆಯಾಗಿ 2010ರವರೆಗೆ, ಅಂದರೆ 27 ವರ್ಷ ಉಳಿಯಿತು. ಅಂದಿನ ಆಟ ಟಿವಿಯಲ್ಲಿ ದಾಖಲಾಗಲಿಲ್ಲ.

ಆ 24 ಇಲ್ಲದಿದ್ದರೆ 175 ಆಗುತ್ತಿತ್ತೇ? ಇನ್ನೊಂದು ತುದಿಯಲ್ಲಿ ಬೀಳದೆ ನಿಲ್ಲುವ ಕೆಲಸ ಎಂಥದೆಂದು ನಮ್ಮ ಸಹೋದರಿಯರಿಗೆ ಯಾರೂ ವಿವರಿಸಬೇಕಾಗಿಲ್ಲ. ಗಂಡ ಊರಲ್ಲಿಲ್ಲದಾಗ ಮನೆ ನಡೆಸಿದವಳು, ತಮ್ಮಂದಿರನ್ನು ಓದಿಸಲು ತನ್ನ ಓದು ಬಿಟ್ಟ ಅಕ್ಕ, ಇವರೆಲ್ಲ ಅದನ್ನೇ ಮಾಡಿದವರು.

ಶಾಂತಾ ರಂಗಸ್ವಾಮಿಯವರದೂ ಹೀಗೆಯೇ. ಭಾರತದ ಮಹಿಳಾ ತಂಡ ಮೊದಲ ಟೆಸ್ಟ್ ಆಡಿದ್ದು 1976ರಲ್ಲಿ, ಬೆಂಗಳೂರಿನಲ್ಲಿ, ಅವರ ನಾಯಕತ್ವದಲ್ಲಿ. ಆ ಕಾಲದ ಆಟಗಾರ್ತಿಯರು ಕಾದಿರಿಸದ ರೈಲು ಡಬ್ಬಿಗಳಲ್ಲಿ ಹಾಸಿಗೆ ಸುರುಳಿ ಹೊತ್ತು ಪ್ರಯಾಣ ಮಾಡುತ್ತಿದ್ದರು. 1976 ಎಂಬುದು ಕ್ವಿಜ್ ಸ್ಪರ್ಧೆಗೆ ಉತ್ತರ. ಆ ಹಾಸಿಗೆ ಸುರುಳಿ ಕಥೆಗೆ ಬೇಕಾದ ಸಾಮಗ್ರಿ.

ಬರೆದದ್ದನ್ನು ಅಚ್ಚು ಹಾಕಿಸುವವರು ಯಾರು?

ಬರೆದ ಮೇಲೆ ಈ ಚಿಂತೆ. ದೊಡ್ಡ ಪ್ರಕಾಶಕರು ಹೊಸಬರ ಹಸ್ತಪ್ರತಿಯನ್ನು ತೆಗೆದುಕೊಳ್ಳುವುದು ಅಪರೂಪ. ಎಷ್ಟೋ ಹೆಣ್ಣುಮಕ್ಕಳ ಕಥೆಗಳು ಟ್ರಂಕಿನ ತಳದಲ್ಲೇ ಹಳದಿಯಾಗುತ್ತವೆ. ಆದರೆ ತಾನೇ ಬರೆದು ತಾನೇ ಪ್ರಕಟಿಸುವುದು ಕನ್ನಡಕ್ಕೆ ಹೊಸದಲ್ಲ. ಹಾವೇರಿ ಸೀಮೆಯ ಗಳಗನಾಥರು (1869-1942) ವೃತ್ತಿಯಿಂದ ಶಾಲಾ ಮಾಸ್ತರರು. ಕಾದಂಬರಿ ಬರೆದು, ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲಿ 'ಜಡಭರತ' ಎಂದು ನಾಟಕ ಬರೆಯುತ್ತಿದ್ದ ಜಿ.ಬಿ. ಜೋಶಿಯವರು 1933ರಲ್ಲಿ ಮನೋಹರ ಗ್ರಂಥಮಾಲೆ ಕಟ್ಟಿದರು. ಓದುಗರನ್ನೇ ಚಂದಾದಾರರನ್ನಾಗಿ ಮಾಡಿಕೊಂಡು ಪುಸ್ತಕ ಮುಟ್ಟಿಸಿದರು.

ನಮಗೆ ಇನ್ನೂ ಹತ್ತಿರದ ಉದಾಹರಣೆ ಸಾರಾ ಅಬೂಬಕ್ಕರ್. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರು, ಮುಸ್ಲಿಂ ಹೆಣ್ಣುಮಕ್ಕಳು ಶಾಲೆಗೆ ಹೋಗುವುದೇ ಅಪರೂಪವಾಗಿದ್ದ ಕಾಲದಲ್ಲಿ ಕನ್ನಡ ಶಾಲೆಯಲ್ಲಿ ಓದಿದವರು. ಮದುವೆಯಾಗಿ, ಮಕ್ಕಳನ್ನು ಬೆಳೆಸಿ, ನಲವತ್ತು ದಾಟಿದ ಮೇಲೆ ಅವರ ಬರಹ ಬೆಳಕಿಗೆ ಬಂತು. 1994ರಿಂದ ತಮ್ಮದೇ ಚಂದ್ರಗಿರಿ ಪ್ರಕಾಶನದ ಮೂಲಕ ಪುಸ್ತಕಗಳನ್ನು ಹೊರತಂದರು. 2023ರ ಜನವರಿಯಲ್ಲಿ ಅವರು ನಿಧನರಾದರು. ಅವರು ಹೇಳಿದ್ದನ್ನೆಲ್ಲ ಎಲ್ಲರೂ ಒಪ್ಪಿರಲಿಕ್ಕಿಲ್ಲ. ಆದರೆ ತನ್ನ ಮಾತನ್ನು ಅಚ್ಚಿಗೆ ತರಲು ಅವರು ಯಾರ ಅಪ್ಪಣೆಗೂ ಕಾಯಲಿಲ್ಲ. 2025ರಲ್ಲಿ ಹಾಸನದ ಬಾನು ಮುಷ್ತಾಕ್ ಅವರ ಕಥೆಗಳು ದೀಪಾ ಭಾಸ್ತಿಯವರ ಅನುವಾದದ ಮೂಲಕ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದಾಗ, ಕನ್ನಡದ ಮುಸ್ಲಿಂ ಮನೆಗಳ ಕಥೆಯನ್ನು ಜಗತ್ತು ಓದುತ್ತದೆ ಎಂಬುದೂ ಸಾಬೀತಾಯಿತು.

ಈಗ ನೂರು ಪ್ರತಿಯ ಪುಸ್ತಕವನ್ನೂ ಅಚ್ಚು ಹಾಕಿಸಬಹುದು. ಪುಸ್ತಕಕ್ಕೆ ಬೇಕಾದ ಐಎಸ್‌ಬಿಎನ್ ಸಂಖ್ಯೆಯನ್ನು ನಮ್ಮ ದೇಶದಲ್ಲಿ ಸರಕಾರಿ ಸಂಸ್ಥೆ ಉಚಿತವಾಗಿ ಕೊಡುತ್ತದೆ. ಆದರೆ ಸ್ವಂತ ಪ್ರಕಟಣೆಯಲ್ಲಿ ತಿದ್ದುವವರಿರುವುದಿಲ್ಲ. ಆದ್ದರಿಂದ ಅಚ್ಚಿಗೆ ಕೊಡುವ ಮೊದಲು ಹೊಗಳುವ ಬಂಧುವಿಗಿಂತ ತಪ್ಪು ತೋರಿಸುವ ಗೆಳತಿಗೆ ಓದಲು ಕೊಡಿ. ಅಂಕಿ, ಇಸವಿಗಳನ್ನು ಎರಡು ಕಡೆ ನೋಡಿ ಖಚಿತ ಮಾಡಿಕೊಳ್ಳಿ. ಒಂದು ತಪ್ಪು ಸ್ಕೋರ್ ಸಾಕು, ಆಟ ಬಲ್ಲ ಓದುಗ ಇಡೀ ಕಥೆಯನ್ನೇ ನಂಬುವುದಿಲ್ಲ.

ಮನೆಯಲ್ಲಿ ಮಕ್ಕಳ ಅರ್ಧ ಖಾಲಿಯಿರುವ ನೋಟ್‌ಬುಕ್ ಒಂದು ಇದ್ದೇ ಇರುತ್ತದೆ. ಅದರ ಪುಟದ ನಡುವೆ ಗೆರೆ ಎಳೆಯಿರಿ. ಮಗ ಹೇಳುವ ಆಟದ ಸುದ್ದಿಯನ್ನು ಎಡಕ್ಕೆ ಬರೆಯಿರಿ. 'ಆಗ ಅವನ ಅಮ್ಮ ಎಲ್ಲಿದ್ದಳು?' ಎಂಬಂಥ ಒಂದು ಪ್ರಶ್ನೆಯನ್ನು ಬಲಕ್ಕೆ ಬರೆಯಿರಿ. ತಿಂಗಳಿಗೊಮ್ಮೆ ತೆರೆದು ನೋಡಿ. ಕೆಲವು ಪ್ರಶ್ನೆಗಳು ಒಣಗಿ ಹೋಗಿರುತ್ತವೆ, ಒಂದೆರಡು ಬೇರು ಬಿಟ್ಟಿರುತ್ತವೆ. ರನ್ನುಗಳ ಲೆಕ್ಕ ಬರೆದಿಡಲು ಸ್ಕೋರರ್ ಇದ್ದಾನೆ. ನಸುಕಿನಲ್ಲಿ ಒಲೆ ಹೊತ್ತಿಸಿದವಳ ಲೆಕ್ಕವನ್ನು ನೀವು ಬರೆಯದಿದ್ದರೆ ಇನ್ನಾರೂ ಬರೆಯಲಾರರು.